ಬ್ರೇಕಮ್ಮನ ಬೈಗುಳಗಳು ತಡವಾಗಿ ಹೊರಟಿದ್ದು

ಆ ಪೇಟೆಯಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಬ್ರೇಕಮ್ಮನ ಪಕ್ಕದಲ್ಲಿ ಕೂತು ಬೈಸಿಕೊಂಡವರೇ. ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು. ಲೈಸೆನ್ಸಿನ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಅದನ್ನು ಅವಳು ಒತ್ತುತ್ತಿದ್ದ ರೀತಿಗೆ ಅಂಟಿಕೊಂಡ ಹೆಸರು ಇದು. ಮೊದಲು ಕಲಿಯುವವನ ಹಣೆ ಹಾರ್ನಿಗೆ ಬಡಿದು ಬೀದಿಗೆಲ್ಲ ಕೇಳಿಸಬೇಕು, ಆಮೇಲೆ ಅವಳು ಬಾಯಿ ತೆರೆಯಬೇಕು. ಡಾಕ್ಟರಾಗಲಿ, ವಕೀಲರಾಗಲಿ, ಮದುವೆ ಗೊತ್ತಾದ ಹುಡುಗಿಯಾಗಲಿ, ಅವಳ ನಾಲಿಗೆ ಓಡುತ್ತಿದ್ದದ್ದು ಒಂದೇ ಗೇರಿನಲ್ಲಿ. ಒಬ್ಬ ಪೊಲೀಸ್ ಅಧಿಕಾರಿಗೆ, ನೀನು ಕಳ್ಳನನ್ನು ಹಿಡಿಯುವುದು ಹಾಗಿರಲಿ, ಮೊದಲು ನಿನ್ನ ಲೇನು ಹಿಡಿ ಎಂದಿದ್ದಳಂತೆ. ಆತ ಲೈಸೆನ್ಸು ಸಿಕ್ಕ ಮೇಲೂ ಅವಳನ್ನು ಕಂಡರೆ ಟೊಪ್ಪಿ ಸರಿಮಾಡಿಕೊಳ್ಳುತ್ತಿದ್ದ.

ಹೀಗೆ ಇಡೀ ಪೇಟೆಗೆ ನೀರು ಕುಡಿಸಿದವಳನ್ನು ಕೊನೆಗೆ ಕೂರಿಸಿದ್ದು ಅವಳ ಬಲ ಮಂಡಿ. ಬ್ರೇಕು ಒತ್ತಿ ಒತ್ತಿ ಅದು ಸವೆದೇಹೋಗಿತ್ತು. ಇನ್ನು ಒತ್ತಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದರು ಡಾಕ್ಟರು. ಸ್ಕೂಲನ್ನು ತನ್ನ ಹಳೆಯ ಶಿಷ್ಯನೊಬ್ಬನಿಗೆ ವಹಿಸಿ ಮನೆಯಲ್ಲಿ ಕೂತಳು.

ಅವಳೇನೋ ಕೂತಳು, ಬಾಯಿ ಕೂರಬೇಕಲ್ಲ. ಮನೆಯಲ್ಲಿ ಕೈಗೆ ಸಿಗುತ್ತಿದ್ದವನು ಗಂಡ ಒಬ್ಬನೇ. ಅದೇ ಕಟ್ಟಡದ ಕೆಳಗೆ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ, ತಾನಾಯಿತು ತನ್ನ ಗಾಜಾಯಿತು. ಬೆಳಗ್ಗೆ ಟೀ ಲೋಟ ಇಟ್ಟ ಸದ್ದು ಜಾಸ್ತಿಯಾಯಿತು ಎಂಬಲ್ಲಿಂದ ಶುರುವಾದರೆ, ಅವನು ಮೆಟ್ಟಿಲಿಳಿಯುವ ರೀತಿ ಸರಿಯಿಲ್ಲ ಎಂಬಲ್ಲಿಗೆ ಮುಟ್ಟುತ್ತಿತ್ತು. ಕ್ರಮೇಣ ಅಂಗಡಿ ಬೇಗ ತೆರೆದು ತಡವಾಗಿ ಮುಚ್ಚತೊಡಗಿತು. ಪಾಪ, ಕಣ್ಣು ಕಾಣದವರ ಮೇಲೆ ಇವನಿಗೆಷ್ಟು ಕಾಳಜಿ ಎಂದುಕೊಂಡರು ಬೀದಿಯ ಜನ.

ಆ ಕನ್ನಡಕದ ಅಂಗಡಿಯವನ ಹೆಂಡತಿ ಮಾತ್ರ ಕನ್ನಡಕ ಹಾಕುತ್ತಿರಲಿಲ್ಲ. ದೂರದ ಬೋರ್ಡು, ಸಿಗ್ನಲ್ಲು, ಎದುರಿನ ಕಾರಿನ ನಂಬರು, ಎಲ್ಲ ಅವಳಿಗೆ ಸ್ಪಷ್ಟ. ಅಂಗೈ ಅಗಲದ ದೂರದಲ್ಲಿರುವ ಅಕ್ಷರ ಮಾತ್ರ ಇರುವೆ ಸಾಲು. ಗಂಡ ಮೂರು ಜೊತೆ ಕನ್ನಡಕ ಮಾಡಿಕೊಟ್ಟಿದ್ದ. ಮೂರೂ ಡ್ರಾಯರಿನಲ್ಲಿ ಮಲಗಿದ್ದವು. ನನ್ನ ಕಣ್ಣಿಗೇನೂ ಆಗಿಲ್ಲ, ಈಗಿನವರು ಅಕ್ಷರವನ್ನೇ ಚಿಕ್ಕದಾಗಿ ಅಚ್ಚು ಹಾಕುತ್ತಾರೆ ಎಂಬುದು ಅವಳ ವಾದ.

ಕಂಪ್ಯೂಟರು ಮನೆಗೆ ಬಂದದ್ದು ಗಂಡನ ತಲೆಯಿಂದ. ಯಾರ ಮೇಲೆ ಏನು ಸಿಟ್ಟಿದೆಯೋ ಅದನ್ನು ಅವರಿಗೇ ಬರೆದು ಕಳಿಸು, ನಿನಗೂ ಹಗುರವಾಗುತ್ತದೆ ಎಂದು ಅವನು ಬಹಳ ಮುತುವರ್ಜಿಯಿಂದ ಹೇಳಿದ. ನನಗೂ ಹಗುರವಾಗುತ್ತದೆ ಎಂಬುದನ್ನು ನುಂಗಿಕೊಂಡ. ಇಸ್ತ್ರಿ ಮೇಜಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವಿನ ಸಂದಿಯಲ್ಲಿ ಕಂಪ್ಯೂಟರು ಕೂತಿತು. ತಾನು ಬರೆಯುವ ಅಕ್ಷರಗಳನ್ನು ಬ್ರೇಕಮ್ಮ ಹೆಬ್ಬೆರಳಿನಷ್ಟು ದಪ್ಪ ಮಾಡಿಸಿಕೊಂಡಳು. ಎರಡೇ ಬೆರಳಿನಲ್ಲಿ, ಕೀಲಿಗಳಿಗೆ ಮೊಳೆ ಹೊಡೆದಂತೆ ಕುಟ್ಟಿ ಬರೆಯುತ್ತಿದ್ದಳು. ಬಂದ ಮೇಲ್‌ಗಳಲ್ಲಿ ಅಕ್ಕನ ಕಣ್ಣಿಗೆಂದೇ ದಪ್ಪ ಅಕ್ಷರದಲ್ಲಿ ಬರೆಯುವ ತಂಗಿಯದು ಬಿಟ್ಟು ಬೇರೇನನ್ನೂ ತೆರೆಯುತ್ತಿರಲಿಲ್ಲ. ಉಳಿದದ್ದೆಲ್ಲ ಜಾಹೀರಾತು ಎಂದು ಅಳಿಸಿ ಹಾಕುತ್ತಿದ್ದಳು.

ಮೊದಮೊದಲು ಎಲ್ಲ ಸರಿಯಾಗಿತ್ತು. ಒಂದು ದಿನ ಕಳಿಸುವ ಗುಂಡಿ ಒತ್ತಿದಾಗ ಪರದೆಯ ನಡುವೆ ಪುಟ್ಟದೊಂದು ಪೆಟ್ಟಿಗೆ ಬಂದು ನಿಂತಿತು. ಅದರಲ್ಲಿ ಎರಡು ಸಾಲು ಇರುವೆಗಳು, ಕೆಳಗೆ ದಪ್ಪ ಅಕ್ಷರದಲ್ಲಿ ‘ಸರಿ’ ಎಂಬ ಗುಂಡಿ. ಓಹೋ, ಹೋಯಿತು ಎಂದು ಈಗ ಹೇಳಲು ಶುರುಮಾಡಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡು ‘ಸರಿ’ ಒತ್ತಿದಳು. ಅಂದಿನಿಂದ ಪ್ರತಿ ಮೇಲ್‌ಗೂ ಆ ಪೆಟ್ಟಿಗೆ ಬರುತ್ತಿತ್ತು, ಪ್ರತಿ ಸಲವೂ ಅವಳು ತೃಪ್ತಿಯಿಂದ ‘ಸರಿ’ ಒತ್ತುತ್ತಿದ್ದಳು.

ಮುಖ್ಯವಾಗಿ ಬರೆಯುತ್ತಿದ್ದದ್ದು ಮೂವರಿಗೆ. ಮೊದಲನೆಯವರು ಮೇಲಿನ ಮನೆಯ ಬ್ಯಾಂಡ್ ಮಾಸ್ತರು. ಶಾಲೆಯೊಂದರಲ್ಲಿ ಮಕ್ಕಳಿಗೆ ತುತ್ತೂರಿ ಕಲಿಸುವವರು, ಸಂಜೆ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ನಿಮ್ಮ ತುತ್ತೂರಿಯಿಂದ ಹೊರಡುವ ಸದ್ದಿಗೆ ಹೋಲಿಸಿದರೆ ನನ್ನ ಹಳೇ ಕಾರಿನ ಒಡಕು ಸೈಲೆನ್ಸರು ಕಚೇರಿ ಕೊಡಬಹುದಿತ್ತು ಎಂದು ಅವರಿಗೆ ಬರೆದಳು. ಎರಡನೆಯವನು ಸ್ಕೂಲು ವಹಿಸಿಕೊಂಡ ಶಿಷ್ಯ. ಅವನು ಕಾರಿಗೆ ಗುಲಾಬಿ ಬಣ್ಣ ಬಳಿಸಿದ್ದೂ ಅಲ್ಲದೆ ಗೇರೇ ಇಲ್ಲದ ಕಾರಿನಲ್ಲಿ ಕಲಿಸಲು ಶುರುಮಾಡಿದ್ದ. ಗೇರಿಲ್ಲದ ಕಾರು ಓಡಿಸುವುದು ಕಲಿಸುತ್ತೀಯಲ್ಲ, ಸೋಫಾದ ಮೇಲೆ ಕೂರುವುದಕ್ಕೂ ತರಗತಿ ಶುರುಮಾಡು ಎಂದು ಅವನಿಗೆ.

ಮೂರನೆಯವಳು ತಂಗಿ. ಅವಳಿಗೆ ಬರೆದದ್ದರಲ್ಲಿ ತಮಾಷೆ ಇರಲಿಲ್ಲ. ಅಮ್ಮ ಕೊನೆಯ ವರ್ಷಗಳಲ್ಲಿ ಇದ್ದದ್ದು ತಂಗಿಯ ಮನೆಯಲ್ಲೇ. ಅಮ್ಮ ಹೋದ ಮೇಲೆ ಅವಳ ಹೊಲಿಗೆ ಯಂತ್ರವನ್ನು ತಂಗಿ ಒಂದು ಮಾತೂ ಕೇಳದೆ ಯಾರಿಗೋ ಕೊಟ್ಟುಬಿಟ್ಟಿದ್ದಳು. ಆ ವಿಷಯ ತೀರ ತಡವಾಗಿ ಬ್ರೇಕಮ್ಮನ ಕಿವಿಗೆ ಬಿದ್ದಿತ್ತು. ಒಂದು ಗುಂಡಿ ಹೊಲಿಯಲೂ ಅವಳಿಗೆ ಬಾರದು, ಆ ಮಾತು ಬೇರೆ. ಯಂತ್ರದ ಬಗ್ಗೆ ಬರೆಯಲು ಕೂತರೆ ಬಾಲ್ಯದಿಂದ ಹಿಡಿದು ಸಮಸ್ತವೂ ಬೆರಳಿಗೆ ಬರುತ್ತಿತ್ತು. ನೀನು ಯಾವತ್ತೂ ಹೀಗೇ, ಅಮ್ಮನನ್ನು ನೋಡಿಕೊಂಡೆ ಅನ್ನುವ ಹೆಸರು ನಿನಗೆ ಬೇಕಿತ್ತು, ಅಮ್ಮ ಬೇಕಿರಲಿಲ್ಲ ಎಂದು ಒಂದು ಮಧ್ಯಾಹ್ನ ಬರೆದು, ‘ಸರಿ’ ಒತ್ತಿ, ಮುಖ ತೊಳೆದುಕೊಂಡು ಬಂದಳು.

ಇವರಲ್ಲದೆ ಕೆಳಗಿನ ಅಂಗಡಿಗೂ ಆಗಾಗ ಒಂದು ಮೇಲ್ ಹೋಗುತ್ತಿತ್ತು. ಊಟಕ್ಕೆ ಬರುವಾಗ ಬ್ರೆಡ್ ತನ್ನಿ ಎಂದು. ಗಂಡ ಒಮ್ಮೆಯೂ ತರಲಿಲ್ಲ. ಈ ಮನುಷ್ಯನಿಗೆ ಮರೆವು ಬಂತು ಎಂದು ಅವಳು ಒಳಗೊಳಗೇ ಮರುಗಿದಳು, ಅಷ್ಟರಮಟ್ಟಿಗೆ ಅವನನ್ನು ಬೈಯುವುದನ್ನೂ ಕಡಿಮೆ ಮಾಡಿದಳು.

ವಿಚಿತ್ರ ಶುರುವಾದದ್ದು ಆಮೇಲೆ. ಸೈಲೆನ್ಸರಿನ ಮೇಲ್ ಬರೆದ ದಿನ ಸಂಜೆ ಬ್ರೇಕಮ್ಮ ಆಲೂಗಡ್ಡೆ ಚೀಲ ಹಿಡಿದು ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತಿದ್ದಾಗ ಬ್ಯಾಂಡ್ ಮಾಸ್ತರು ಎದುರಾದರು. ಅವಳು ಜಗಳಕ್ಕೆ ಸೊಂಟ ಕಟ್ಟಿದಳು. ಅವರು ಚೀಲವನ್ನು ಕೈಯಿಂದ ತೆಗೆದುಕೊಂಡು ಬಾಗಿಲವರೆಗೆ ಹೊತ್ತು ತಂದು, ಮಂಡಿ ಹೇಗಿದೆ ಎಂದು ವಿಚಾರಿಸಿ ಹೋದರು. ಇವರಿಗೆ ಮಾನ ಇಲ್ಲವೋ, ಇಲ್ಲ ಸಿಟ್ಟು ನಿಧಾನಕ್ಕೆ ಏರುತ್ತದೆಯೋ ಎಂದು ಪರೀಕ್ಷಿಸಲು ಮರುದಿನ ಇನ್ನೂ ಖಾರವಾಗಿ ಬರೆದಳು. ಮಾಸ್ತರು ನಗುತ್ತ ನಮಸ್ಕಾರ ಹೇಳಿದರು. ಅದಕ್ಕಿಂತ ಹೆಚ್ಚಾಗಿ, ತುತ್ತೂರಿಯೇ ನಿಂತುಹೋಯಿತು. ನಿಜವಾಗಿ ಅವರ ಮುಂದಿನ ಹಲ್ಲು ಕೀಳಿಸಿದ್ದರು, ಹೊಸ ಹಲ್ಲು ಕೂರುವವರೆಗೆ ಊದಬಾರದೆಂದು ದಂತವೈದ್ಯರು ಹೇಳಿದ್ದರು. ಅದು ಅವಳಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅಷ್ಟರಲ್ಲಿ, ಇಷ್ಟು ಅನ್ನಿಸಿಕೊಂಡೂ ತುಟಿ ಪಿಟಕ್ಕೆನ್ನದ ಮಹಾನುಭಾವರಿವರು ಎಂದು ಅವಳು ತೀರ್ಮಾನಿಸಿಯಾಗಿತ್ತು.

ಶಿಷ್ಯನದೂ ಅದೇ ಕತೆ. ಸೋಫಾದ ಮೇಲ್ ಬರೆದ ವಾರದಲ್ಲೇ ಅವನು ಮನೆಗೆ ಬಂದು, ಮೇಡಂ, ರಿವರ್ಸ್ ಹಾಕುವುದನ್ನು ನಿಮ್ಮ ಹಾಗೆ ಯಾರೂ ಕಲಿಸುವುದಿಲ್ಲ, ವಾರಕ್ಕೊಮ್ಮೆ ಬಂದು ಹೊರಗೆ ನಿಂತು ಹೇಳಿಕೊಟ್ಟರೆ ಸಾಕು ಎಂದು ಕೇಳಿಕೊಂಡ. ಬೈದವಳ ಬಾಗಿಲಿಗೇ ಬಂದನಲ್ಲ ಎಂದು ಬೆರಗಾಗಿ ಅವನಿಗೆ ಎರಡನೇ ಲೋಟ ಟೀ ಕೊಟ್ಟಳು. ತಂಗಿಯಂತೂ ಯಂತ್ರದ ಸುದ್ದಿಯನ್ನೇ ಎತ್ತದೆ, ಫೋನಿನಲ್ಲಿ ಹವಾಮಾನ, ತರಕಾರಿ, ಪಕ್ಕದ ಮನೆ ನಾಯಿ ಎಂದು ಹರಟಿದಳು. ಎಂಥ ದೊಡ್ಡ ಮನಸ್ಸು! ಚಿಕ್ಕಂದಿನಲ್ಲಿ ಪೆನ್ಸಿಲ್ ಮುಟ್ಟಿದರೆ ಊರು ಒಂದು ಮಾಡುತ್ತಿದ್ದವಳು ಇವಳೇನಾ?

ತನ್ನ ಸುತ್ತಲ ಜನವೆಲ್ಲ ಇಷ್ಟು ಒಳ್ಳೆಯವರು ಎಂದು ಬ್ರೇಕಮ್ಮನಿಗೆ ಜೀವಮಾನದಲ್ಲಿ ಮೊದಲ ಸಲ ಗೊತ್ತಾಯಿತು. ಒಳ್ಳೆಯವರ ನಡುವೆ ತಾನೊಬ್ಬಳೇ ಕೆಟ್ಟವಳಾಗಿರುವುದು ಮುಜುಗರವೆನಿಸಿತು. ಬರಬರುತ್ತ ಮೇಲ್‌ಗಳ ಖಾರ ಇಳಿಯಿತು. ಎದುರೆದುರು ಹೇಳಲು ನಾಚಿಕೆಯಾಗುವ ಮಾತುಗಳನ್ನೂ ಒಂದೆರಡು ಬರೆದಳು. ಗಂಡ ಒಂದು ಸಂಜೆ ಹೊತ್ತಿಗೆ ಸರಿಯಾಗಿ ಅಂಗಡಿ ಮುಚ್ಚಿ ಬಂದವನು, ಅವಳು ಬೈಯದೆ ಟೀ ಕೊಟ್ಟದ್ದನ್ನು ಕಂಡು, ಹಣೆ ಮುಟ್ಟಿ ಜ್ವರ ನೋಡಿದ.

ಇಂಥ ಸುಭಿಕ್ಷದ ದಿನಗಳಲ್ಲಿ ತಂಗಿಯ ಮೇಲ್ ಬಂತು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು, ನೀನು ಬಂದು ಕೆಲವು ದಿನ ಇರುತ್ತೀಯಾ ಎಂದು. ಮುಖ್ಯವಾದದ್ದನ್ನು ತಂಗಿ ಯಾವಾಗಲೂ ಬರೆದೇ ಹೇಳುತ್ತಿದ್ದಳು. ಫೋನಿನಲ್ಲಿ ಅಕ್ಕನ ಮಾತಿನ ನಡುವೆ ಅವಳಿಗೆ ಸಂದಿ ಸಿಗುತ್ತಿರಲಿಲ್ಲ. ಬ್ರೇಕಮ್ಮ ಕೂತಲ್ಲೇ ಉತ್ತರ ಕುಟ್ಟಿದಳು. ಬರುತ್ತೇನೆ, ನೀನು ಹೇಳುವವರೆಗೂ ಇರುತ್ತೇನೆ, ಹೆದರಬೇಡ, ನಾನಿದ್ದೇನೆ. ಹೀಗೆ ಬರೆದದ್ದು ಅವಳಿಗೇ ಹೊಸದಾಗಿ ಕಂಡಿತು. ‘ಸರಿ’ ಒತ್ತಿದಳು.

ಕೆಲವು ದಿನ ಕಳೆದು ತಂಗಿಯ ಫೋನ್ ಬಂತು. ಧ್ವನಿ ತಣ್ಣಗಿತ್ತು.

“ಬರಕ್ಕಾಗಲ್ಲ ಅಂದ್ರೆ ಆಗಲ್ಲ ಅಂತ ಬರೀಬಹುದಿತ್ತು ಅಕ್ಕ.”

“ಬರ್ತೀನಿ ಅಂತ ಅವತ್ತೇ ಬರೆದೆನಲ್ಲೇ.”

“ನನಗೇನೂ ಬಂದಿಲ್ಲ. ಈಗಂತಲ್ಲ, ನಿನ್ನಿಂದ ಒಂದು ಮೇಲ್ ಬಂದು ಎಷ್ಟು ತಿಂಗಳಾಯ್ತೋ.”

ತಂಗಿಯ ಕಂಪ್ಯೂಟರು ಕೆಟ್ಟಿರಬೇಕು, ಅವಳಿಗೆ ಯಾವುದನ್ನೂ ನೆಟ್ಟಗೆ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಬ್ರೇಕಮ್ಮ ಎರಡು ನಿಮಿಷ ವಿವರಿಸಿದಳು. ಬೇರೆ ಎಲ್ಲರ ಮೇಲ್ ಬರುತ್ತಿದೆ ಎಂದು ತಂಗಿ ಫೋನಿಟ್ಟಳು. ಕಂಪ್ಯೂಟರಿನ ಕಡೆ ತಿರುಗಿ ಕೂತ ಬ್ರೇಕಮ್ಮನಿಗೆ ಇದು ಈ ವಾರದ ಕೇಡು ಎಂದಷ್ಟೇ ಅನಿಸಿತು. ಹಿಂದಿನ ತಿಂಗಳುಗಳ ಬಗ್ಗೆ ತಂಗಿ ಆಡಿದ್ದು ಸಿಟ್ಟಿನ ಮಾತೆಂದು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

ರಿಪೇರಿ ಮೊದಲಾಯಿತು. ಕೆಟ್ಟ ಕಾರಿಗೆ ಮಾಡುವುದನ್ನೆಲ್ಲ ಅವಳು ಅದಕ್ಕೂ ಮಾಡಿದಳು. ಆಫ್ ಮಾಡಿ ಆನ್ ಮಾಡಿದಳು, ಪಕ್ಕಕ್ಕೊಂದು ಬಡಿದಳು, ಹಿಂದೆ ಬಗ್ಗಿ ವೈರುಗಳನ್ನೆಲ್ಲ ಎಳೆದು ನೋಡಿದಳು, ಧೂಳು ಊದಿ ಸೀನಿದಳು. ಗಂಡನನ್ನು ಕರೆಸಿದಳು. ಅವನು ಮೋಡೆಮ್ಮಿನ ಹಸಿರು ದೀಪಗಳನ್ನು ರೋಗಿಯ ಕಣ್ಣು ನೋಡುವಂತೆ ಬಗ್ಗಿ ನೋಡಿ, ಉರಿಯುತ್ತಿವೆಯಲ್ಲ ಎಂದ. ಉರಿಯುವುದು ನನಗೂ ಕಾಣುತ್ತದೆ ಎಂದಳು ಅವಳು. ಬಹಳ ದಿನಗಳ ಮೇಲೆ ಕೇಳಿದ ಆ ದನಿಗೆ ಅವನು ಬೆದರಿ ಒಂದು ಹೆಜ್ಜೆ ಹಿಂದೆ ಸರಿದ. ಪರೀಕ್ಷೆಗೆಂದು ಅವಳು ಒಂದು ಮೇಲ್ ಕಳಿಸಿದಳು. ಪೆಟ್ಟಿಗೆ ಬಂತು.

“ನೋಡ್ರೀ, ಹೋಯ್ತು ಅಂತ ಹೇಳ್ತಿದೆ. ಇಲ್ಲಿಂದ ಹೋಗ್ತಿದೆ, ಅಲ್ಲಿ ಮುಟ್ತಿಲ್ಲ.”

ಗಂಡ ಡ್ರಾಯರು ಎಳೆದು ಒಂದು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಅವಳ ಮೂಗಿನ ಮೇಲೆ ಕೂರಿಸಿದ. ಇರುವೆಗಳು ಅಕ್ಷರಗಳಾದವು. ‘ಹೊರಹೋಗುವ ಮೇಲ್‌ನ ಸರ್ವರಿಗೆ ಸಂಪರ್ಕ ಸಿಗಲಿಲ್ಲ. ನಿಮ್ಮ ಸಂದೇಶವನ್ನು ಕಳಿಸಲಾಗಿಲ್ಲ.’

ಅವಳು ಅದನ್ನು ಎರಡು ಸಲ ಓದಿದಳು. ಬಂದವನು ಬಂದ ಹಾಗೆ ಗಂಡ ಮೆಟ್ಟಿಲಿಳಿದು ಅಂಗಡಿ ಸೇರಿಕೊಂಡ.

ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಮೊದಲು ಸಂಗೀತ ಬಂತು, ಆಮೇಲೆ ಒಬ್ಬ ಹೆಂಗಸಿನ ದನಿ. ಇಡೀ ದಿನ ಬೈಸಿಕೊಂಡೂ ಬಾಡದ ದನಿ ಅದು.

“ನಿಧಾನವಾಗಿ ನೋಡಿ ಮೇಡಂ. ಈಗ ನಿಮಗೆ ಏನು ಕಾಣ್ತಿದೆ?”

“ನಿಮ್ಮ ಕಂಪನಿಯ ಯೋಗ್ಯತೆ ಕಾಣ್ತಿದೆ.”

“ಅದು ಯಾವ ಕಿಟಕಿಯಲ್ಲಿ ಕಾಣ್ತಿದೆ ಮೇಡಂ? ಎಡಗಡೆದೋ, ಬಲಗಡೆದೋ?”

ಬ್ರೇಕಮ್ಮ ಪರದೆಯ ಕಡೆ ನೋಡಿದಳು. ಎಡಗಡೆಯದು ಎಂದಳು.

ಅಲ್ಲಿಂದ ಮುಂದೆ ಆ ಹೆಂಗಸು ಅವಳನ್ನು ಕೈ ಹಿಡಿದು ನಡೆಸಿದಳು. ಸೆಟ್ಟಿಂಗ್ಸ್ ತೆರೆಯಿರಿ. ಖಾತೆಯ ಹೆಸರಿನ ಮೇಲೆ ಒತ್ತಿರಿ. ಅದಲ್ಲ, ಅದರ ಕೆಳಗಿನದು. ಬ್ರೇಕಮ್ಮ ಎರಡು ಹೆಜ್ಜೆ ಮುಂದೆ ಹಾರಿ ಬೇರೇನನ್ನೋ ತೆರೆದು ಕೂರುತ್ತಿದ್ದಳು. ಆಕೆ ತುಸುವೂ ಬೇಸರಿಸದೆ, ಪರವಾಗಿಲ್ಲ, ವಾಪಸ್ ಬನ್ನಿ, ಮತ್ತೆ ಶುರುಮಾಡೋಣ ಎನ್ನುತ್ತಿದ್ದಳು. ಬರುವ ಮೇಲ್‌ಗೆ ಒಂದು ಸರ್ವರು, ಹೋಗುವ ಮೇಲ್‌ಗೆ ಇನ್ನೊಂದು. ಬರುವುದು ಸರಿಯಿದೆ, ಹೋಗುವುದು ಕೆಟ್ಟಿದೆ. ಸರ್ವರೆಂದರೆ ಒಂದು ಕಟ್ಟಡ ಎಂದುಕೊಳ್ಳಿ, ಪೋರ್ಟ್ ಎಂದರೆ ಅದರ ಬಾಗಿಲಿನ ನಂಬರು. ನಿಮ್ಮ ಕಂಪ್ಯೂಟರು ಇಪ್ಪತ್ತೈದನೇ ಬಾಗಿಲು ಬಡಿಯುತ್ತಿದೆ, ಆ ಬಾಗಿಲನ್ನು ನಾವು ಮುಚ್ಚಿ ತಿಂಗಳುಗಳಾದವು.

“ಮುಚ್ಚೋರು ಒಂದು ಮಾತು ಹೇಳ್ಬೇಕೋ ಬೇಡ್ವೋ?”

“ಐದು ಸಲ ಮೇಲ್ ಕಳಿಸಿದ್ದೀವಿ ಮೇಡಂ. ನಿಮಗೆ ತಲುಪಿದೆ ಅಂತ ಇಲ್ಲಿ ತೋರಿಸ್ತಿದೆ.”

ಅಳಿಸಿ ಹಾಕಿದ ಜಾಹೀರಾತುಗಳು ಅವಳ ಕಣ್ಣ ಮುಂದೆ ಹಾದುಹೋದವು. ಜೀವನದಲ್ಲಿ ಸಾವಿರ ಜನಕ್ಕೆ, ಬೋರ್ಡು ಹಾಕಿರುವುದು ಓದುವುದಕ್ಕೆ ಎಂದು ಹೇಳಿದವಳು, ಮುಂದೇನು ಮಾಡಲಿ ಎಂದು ಕೇಳಿದಳು. ಐನೂರ ಎಂಬತ್ತೇಳು ಎಂದು ಹಾಕಿ ಎಂದಿತು ದನಿ. ಹಾಕಿದಳು. ಪಕ್ಕದಲ್ಲಿ ಪಾಸ್‌ವರ್ಡ್ ಬೇಕು ಎನ್ನುವಲ್ಲಿ ಟಿಕ್ ಮಾಡಿ. ಮಾಡಿದಳು. ಈಗ ‘ಸರಿ’ ಒತ್ತಿ. ಒತ್ತಿದಳು.

ಪೆಟ್ಟಿಗೆ ಬರಲಿಲ್ಲ. ಪರದೆಯ ಕೆಳಗೊಂದು ಹಸಿರು ಪಟ್ಟಿ ಮೆಲ್ಲಗೆ ತೆವಳತೊಡಗಿತು.

“ಆಯ್ತು ಮೇಡಂ. ನಿಮ್ಮ ಔಟ್‌ಬಾಕ್ಸಲ್ಲಿ ಉಳಿದಿದ್ದೆಲ್ಲ ಈಗ ಒಂದೊಂದಾಗಿ ಹೊರಡುತ್ತೆ.”

“ಉಳಿದಿದ್ದೆಲ್ಲ ಅಂದ್ರೆ?”

“ಇಷ್ಟು ದಿನ ಹೋಗದೆ ನಿಂತಿದ್ವಲ್ಲ, ಅವೆಲ್ಲ. ಹಳೇದು ಮೊದಲು.”

ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು, ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಮಾಸ್ತರಿಗೆ, ಸೈಲೆನ್ಸರ್. ಶಿಷ್ಯನಿಗೆ, ಸೋಫಾ. ಅಂಗಡಿಗೆ, ಬ್ರೆಡ್. ತಂಗಿಗೆ, ಯಂತ್ರ. ಮಾಸ್ತರಿಗೆ. ತಂಗಿಗೆ. ತಂಗಿಗೆ. ಒಂದೊಂದು ಸಾಲೂ ಪಟ್ಟಿಯಿಂದ ಮಾಯವಾಗುತ್ತಿತ್ತು. ಬ್ರೇಕಮ್ಮನ ಬಲಗಾಲು ತಾನಾಗಿಯೇ ಮೇಜಿನಡಿಯ ಹಲಗೆಯನ್ನು ಜೋರಾಗಿ ಒದ್ದಿತು. ಮಂಡಿ ಚುರ್ ಎಂದಿತೇ ಹೊರತು ಏನೂ ನಿಲ್ಲಲಿಲ್ಲ. ಮೊಣಕಾಲೂರಿ ಮೇಜಿನ ಹಿಂದೆ ನುಗ್ಗಿ, ಮೋಡೆಮ್ಮಿಗೆ ಸಿಕ್ಕಿಸಿದ್ದ ವೈರನ್ನೆಲ್ಲ ಎರಡೂ ಕೈಯಲ್ಲಿ ಕಿತ್ತಳು. ಅದರಲ್ಲಿ ಫೋನಿನದೂ ಇತ್ತು. ಇನ್ನೇನಾದರೂ ಸಹಾಯ ಎನ್ನುತ್ತಿದ್ದ ದನಿ ಅಲ್ಲಿಗೇ ಕತ್ತರಿಸಿತು.

ಎದ್ದು ನೋಡಿದರೆ ಪಟ್ಟಿಯಲ್ಲಿ ಉಳಿದದ್ದು ಕೆಲವೇ ಸಾಲು. ಹಳೆಯದು ಮೊದಲು ಎಂದಿದ್ದಳಲ್ಲ, ಹಾಗೆಯೇ ಆಗಿತ್ತು. ಬೈಗುಳಗಳೆಲ್ಲ ಸುರಕ್ಷಿತವಾಗಿ ಹೊರಟುಹೋಗಿದ್ದವು. ಈಚಿನ ಒಳ್ಳೆಯ ಮಾತುಗಳು ಮಾತ್ರ ಹಿಂದೆ ಉಳಿದಿದ್ದವು. ಅವುಗಳನ್ನು ಅವಳು ಮೊದಲ ಬಾರಿ ಕನ್ನಡಕ ಹಾಕಿಕೊಂಡು ಓದಿದಳು. ನಿಮ್ಮ ತುತ್ತೂರಿ ಇಲ್ಲದೆ ಸಂಜೆ ಬಿಕೋ ಎನ್ನುತ್ತದೆ. ನಿನ್ನಂಥ ಶಿಷ್ಯ ಸಿಗಲು ಪುಣ್ಯ ಮಾಡಿರಬೇಕು. ಮುಖ ಕೆಂಪಾಯಿತು. ಬೈದದ್ದಕ್ಕಾದರೆ ಕ್ಷಮೆ ಕೇಳಬಹುದು, ಇವು ಹೋಗಿದ್ದರೆ ತಲೆಯೆತ್ತಿ ಓಡಾಡುವುದು ಹೇಗೆ ಎನಿಸಿ, ತಂಗಿಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ಅಳಿಸಿದಳು.

ಮೊದಲು ಮೇಲೆ ಬಂದವನು ಗಂಡ. ಕೈಯಲ್ಲಿ ಒಂದು ಬ್ರೆಡ್ ಪೊಟ್ಟಣ. ಅಂಗಡಿಯ ಕಂಪ್ಯೂಟರಿಗೆ ಮೇಲ್‌ಗಳ ಸಾಲೇ ಬಂದಿದೆ, ಇಷ್ಟೆಲ್ಲ ಬ್ರೆಡ್ ಇವತ್ತೇ ಬೇಕೋ, ಒಂದು ಸಾಕೋ ಎಂದು ಕೇಳಿದ. ಅವಳು ಕುರ್ಚಿಯಲ್ಲಿ ಕುಸಿದು ನಡೆದದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದುಕೊಂಡಳು. ನಗುತ್ತಿದ್ದ. ಮದುವೆಯಾದಂದಿನಿಂದ ಅವನು ಅಷ್ಟು ನಕ್ಕಿದ್ದನ್ನು ಅವಳು ನೋಡಿರಲಿಲ್ಲ. ಬ್ರೆಡ್ಡನ್ನೇ ಎತ್ತಿ ಎಸೆದಳು.

ಮಂಡಿ ಹಿಡಿದುಕೊಂಡು ಅವಳು ಮಾಸ್ತರ ಮನೆಗೆ ಮೆಟ್ಟಿಲು ಹತ್ತಿದಳು. ಅವರು ಬಾಗಿಲು ತೆರೆದಾಗ ಕೈಯಲ್ಲಿ ಮೊಬೈಲು ಇತ್ತು. ಒಳಗೆ ಬನ್ನಿ ಎನ್ನಲಿಲ್ಲ.

“ಇದು ನಾನು ನಿಮ್ಮ ಆಲೂಗಡ್ಡೆ ಚೀಲ ಹೊತ್ತ ದಿನದ್ದಲ್ವಾ ಮೇಡಂ?”

“ಹೌದು. ಇದು ಬೆಳಗ್ಗೆ ಬರೆದಿದ್ದು. ಚೀಲ ಸಂಜೆ.”

“ಮಾರನೇ ದಿನದ್ದೂ ಒಂದಿದೆ.”

ತಪ್ಪಾಯಿತು ಎಂದಳು. ಆ ಮಾತು ಆಡಿ ಅಭ್ಯಾಸವಿಲ್ಲದೆ, ಪಕ್ಕದಲ್ಲಿ ಕೂತವರನ್ನು ಗದರಿದಂತೆ ಕೇಳಿಸಿತು. ಹೊಸ ಹಲ್ಲು ಕೂತಿದೆ, ನಾಳೆಯಿಂದ ಅಭ್ಯಾಸ ಶುರು, ಕಿಟಕಿ ಮುಚ್ಚಿಕೊಂಡು ಊದುತ್ತೇನೆ ಎಂದರು ಮಾಸ್ತರು. ಕಿಟಕಿ ಮುಚ್ಚಬೇಡಿ, ಇಷ್ಟು ದಿನ ಸದ್ದಿಲ್ಲದೆ ಬೇಜಾರಾಗಿತ್ತು ಎಂದು ಅವಳು ಬಡಬಡಿಸಿದಳು. ಅವರು ನಂಬಲಿಲ್ಲ. ಆಮೇಲೂ ಬಹಳ ದಿನ ಮೆಟ್ಟಿಲಲ್ಲಿ ಸಿಕ್ಕರೆ ಗೋಡೆ ಕಡೆ ಸರಿದು ದಾರಿ ಬಿಡುತ್ತಿದ್ದರು, ಚೀಲದ ಕಡೆ ನೋಡುತ್ತಿರಲಿಲ್ಲ. ಕಿಟಕಿ ಮುಚ್ಚಿಯೇ ಊದುತ್ತಿದ್ದರು.

ಫೋನಿನ ವೈರನ್ನು ಮತ್ತೆ ಸಿಕ್ಕಿಸಿದೊಡನೆ ಶಿಷ್ಯ ತಾನೇ ಫೋನ್ ಮಾಡಿದ. ಅವನ ದನಿಯಲ್ಲಿ ಹಿಗ್ಗು ತುಳುಕುತ್ತಿತ್ತು.

“ಮೇಡಂ, ಈಗ ಸಮಾಧಾನ ಆಯ್ತು. ಇತ್ತೀಚೆಗೆ ನೀವು ನಯವಾಗಿ ಮಾತಾಡೋದು ನೋಡಿ, ಏನೋ ದೊಡ್ಡ ಕಾಯಿಲೆ ಇರ್ಬೇಕು, ನಮ್ಮತ್ರ ಮುಚ್ಚಿಡ್ತಿದ್ದಾರೆ ಅಂತ ಸ್ಕೂಲಲ್ಲೆಲ್ಲ ಮಾತಾಡ್ಕೊಂಡಿದ್ವಿ.”

ಸೋಫಾದ ಮಾತನ್ನು ಅವನು ದಪ್ಪ ಅಕ್ಷರದಲ್ಲಿ ಬರೆಸಿ ಆಫೀಸಿನ ಗೋಡೆಗೆ ಅಂಟಿಸಿಯೂಬಿಟ್ಟಿದ್ದ. ಗುಲಾಬಿ ಬಣ್ಣ ಮಾತ್ರ ಹಾಗೇ ಇರುತ್ತದೆ ಎಂದ.

ತಂಗಿ ಫೋನ್ ಎತ್ತಲಿಲ್ಲ. ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಉಳಿಸಿಕೊಂಡಿದ್ದ ಮೇಲ್ ಕಳಿಸೋಣವೆಂದರೆ, ಅಷ್ಟೆಲ್ಲ ಬೈದದ್ದರ ಬಾಲಕ್ಕೆ ‘ಹೆದರಬೇಡ, ನಾನಿದ್ದೇನೆ’ ಎಂದು ಬಂದರೆ ಅದು ಬೆದರಿಕೆಯಾಗಿ ಕೇಳಿಸುತ್ತದೆ ಎಂದ ಗಂಡ. ಅದನ್ನೂ ಅಳಿಸಿದಳು. ಮರುದಿನ ಬೆಳಗ್ಗೆ ಬಟ್ಟೆ ತುಂಬಿಕೊಂಡು ಇಬ್ಬರೂ ಕಾರು ಹತ್ತಿದರು. ಗಂಡ ಓಡಿಸಿದ. ಸೆಕೆಂಡ್ ಗೇರಿನಲ್ಲಿ ಒಂದು ಫರ್ಲಾಂಗು ಎಳೆದರೂ, ಸಿಗ್ನಲ್ ಕೊಡದೆ ಬಲಕ್ಕೆ ತಿರುಗಿಸಿದರೂ ಅವಳು ಏನೂ ಅನ್ನಲಿಲ್ಲ. ಅವನಿಗೆ ಅದೇ ಭಯವಾಯಿತು.

ತಂಗಿ ಬಾಗಿಲು ತೆರೆದು, “ಬನ್ನಿ ಭಾವ” ಎಂದಳು. ಅಕ್ಕನನ್ನು ಕರೆಯಲಿಲ್ಲ. ಬಾಗಿಲೂ ಹಾಕಲಿಲ್ಲವಾದ್ದರಿಂದ ಬ್ರೇಕಮ್ಮ ಹಿಂದೆಯೇ ಒಳಗೆ ಬಂದಳು. ಮೂವರೂ ಕೂತರು. ತಂಗಿ ಮೊಬೈಲು ತೆಗೆದು, ಅಕ್ಕನದೇ ಏರಿಳಿತದಲ್ಲಿ, ಒಂದಕ್ಷರ ಬಿಡದೆ ಓದತೊಡಗಿದಳು. ಅಮ್ಮನನ್ನು ನೋಡಿಕೊಂಡೆ ಅನ್ನುವ ಹೆಸರು ನಿನಗೆ ಬೇಕಿತ್ತು ಎಂಬಲ್ಲಿಗೆ ಬಂದಾಗ ಗಂಡ ಎದ್ದು, ಕಾರಿಗೆ ನೀರು ಹಾಕಬೇಕು ಎಂದು ಹೊರಗೆ ಹೋದ.

“ಬೈಯೋದಾದ್ರೆ ಬಂದು ಬೈ,” ಎಂದಳು ತಂಗಿ. “ಹಳಸಿದ್ದನ್ನ ಗಂಟು ಕಟ್ಟಿ ಕಳಿಸ್ತಾರಾ ಯಾರಾದ್ರೂ?”

“ಹೋಗಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ.”

“ಹೋಗಿದ್ರೆ ಸರಿಯಾಗಿತ್ತಾ?”

ಮೂಲೆಯಲ್ಲಿ, ಯಂತ್ರ ಇದ್ದ ಜಾಗದಲ್ಲಿ, ಹೂಕುಂಡವೊಂದನ್ನು ಇಟ್ಟಿದ್ದರು. ಬ್ರೇಕಮ್ಮನ ಕಣ್ಣು ಅಲ್ಲಿಗೆ ಹೋದದ್ದನ್ನು ತಂಗಿ ಕಂಡಳು.

“ಕೊನೆಕೊನೆಗೆ ಅಮ್ಮನಿಗೆ ಏನೂ ಗೊತ್ತಾಗ್ತಿರ್ಲಿಲ್ಲ. ಬಟ್ಟೆ ಇಲ್ಲ, ದಾರ ಇಲ್ಲ, ಸುಮ್ನೆ ಕೂತು ಪೆಡಲ್ ತುಳೀತಿದ್ಲು. ಬೆಳಗ್ಗೆಯಿಂದ ಕತ್ತಲಾಗೋವರೆಗೂ. ನಿಲ್ಲಿಸಿದ್ರೆ ಅಳೋಳು. ಅವಳು ಹೋದ್ಮೇಲೂ ನನಗೆ ಆ ಸದ್ದು ಕೇಳ್ತಾನೇ ಇತ್ತು ಅಕ್ಕ. ಯಂತ್ರ ಕಂಡ್ರೆ ಸಾಕು, ಕೇಳೋದು. ಇಟ್ಕೊಳಕ್ಕಾಗ್ಲಿಲ್ಲ. ಕೊಟ್ಟೆ.”

“ನನಗೆ ಹೇಳ್ಬಹುದಿತ್ತಲ್ಲೇ.”

“ಹೇಳೋಕೆ ನೀನು ಮಾತು ನಿಲ್ಲಿಸ್ಬೇಕಲ್ಲ.”

ಬ್ರೇಕಮ್ಮ ನಿಲ್ಲಿಸಿದಳು. ಅಮ್ಮ ತುಳಿಯುತ್ತಿದ್ದ ಆ ದಿನಗಳಲ್ಲಿ ತಾನು ಎಲ್ಲಿದ್ದೆ ಎಂದು ಬ್ರೇಕಮ್ಮ ನೆನಪಿಸಿಕೊಂಡಳು. ಯಾರಿಗೋ ಕ್ಲಚ್ಚು ಬಿಡುವುದು ಕಲಿಸುತ್ತ ಯಾವುದೋ ರಸ್ತೆಯಲ್ಲಿದ್ದಳು. ಕಣ್ಣು ತುಂಬಿತು. ಕನ್ನ‌ಡಕ ತೆಗೆದು ಒರೆಸಿಕೊಂಡಳು. ಅಕ್ಕನ ಮುಖದ ಮೇಲೆ ಕನ್ನಡಕ ಇತ್ತೆಂಬುದನ್ನು ತಂಗಿ ಆಗ ಗಮನಿಸಿದಳು. ಗೂಬೆ ಹಾಗೆ ಕಾಣ್ತೀಯ ಎಂದಳು.

ಯಂತ್ರ ಯಾರ ಬಳಿ ಇದೆ ಎಂದು ಆಮೇಲೆ ಬ್ರೇಕಮ್ಮ ಕೇಳಿದಳು. ಹಿಂದಿನ ಬೀದಿಯ ಟೈಲರಮ್ಮನ ಹತ್ತಿರ ಎಂದು ತಂಗಿ ಚಪ್ಪಲಿ ಮೆಟ್ಟಿದಳು. ಆ ಹೆಂಗಸಿನ ಅಂಗಡಿ ಒಂದು ಗೂಡಿನಷ್ಟಗಲ. ಸುತ್ತ ಶಾಲೆಯ ಸಮವಸ್ತ್ರದ ರಾಶಿ, ನಡುವೆ ಅಮ್ಮನ ಯಂತ್ರ ಟಕಟಕ ಓಡುತ್ತಿತ್ತು. ಚಕ್ರಕ್ಕೆ ಎಣ್ಣೆ ಬಿದ್ದು ಹೊಳಪು ಬಂದಿತ್ತು. ಒಂದು ಸಲ ತುಳಿದು ನೋಡಲೇ ಎಂದು ಬ್ರೇಕಮ್ಮ ಕೇಳಿದಳು. ಟೈಲರಮ್ಮ ಒಲ್ಲದ ಮನಸ್ಸಿನಿಂದ ಎದ್ದು ಜಾಗ ಬಿಟ್ಟಳು. ಬ್ರೇಕಮ್ಮ ಕೂತು, ತನಗೆ ಬರುವ ಒಂದೇ ರೀತಿಯಲ್ಲಿ ಬಲಗಾಲಿಟ್ಟು ಒತ್ತಿದಳು. ಯಂತ್ರ ಕೀರಲಿಟ್ಟು ಹಿಂದಕ್ಕೆ ತಿರುಗಿತು, ದಾರ ಸುತ್ತಿಕೊಂಡಿತು, ಸೂಜಿ ಪಟಕ್ಕೆಂದು ಮುರಿಯಿತು.

“ಕಾಲು ತೆಗೀರಿ ಮೊದ್ಲು,” ಎಂದಳು ಟೈಲರಮ್ಮ. “ಯಂತ್ರ ಅನ್ಕೊಂಡ್ರಾ, ಜಿರಲೆ ಅನ್ಕೊಂಡ್ರಾ? ಇಷ್ಟು ವಯಸ್ಸಾಗಿದೆ, ಹೇಗೆ ತುಳೀಬೇಕು ಅಂತ ಯಾರೂ ಕಲಿಸಿಲ್ವಾ ನಿಮಗೆ?”

ಬ್ರೇಕಮ್ಮ ಕಾಲು ತೆಗೆದಳು. ಮುರಿದ ಸೂಜಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಿರುಗಿ ನೋಡಿದರೆ ತಂಗಿ ಅಂಗಡಿಯ ಕಂಬ ಹಿಡಿದುಕೊಂಡು, ಕಲ್ಲಿರುವ ಪಕ್ಕೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು, ಅಯ್ಯೋ ನೋವು, ಅಯ್ಯೋ ನೋವು ಎನ್ನುತ್ತ ನಗುತ್ತಿದ್ದಳು.

ಆಪರೇಷನ್ ಮುಂದಿನ ವಾರ ಆಯಿತು. ಬ್ರೇಕಮ್ಮ ಒಂದು ತಿಂಗಳು ಅಲ್ಲೇ ಉಳಿದಳು. ಗಂಜಿಗೆ ಉಪ್ಪು ಜಾಸ್ತಿಯಾಯಿತು, ದಿಂಬು ಎತ್ತರವಾಯಿತು, ನರ್ಸಮ್ಮನ ಮೇಲೆ ಯಾಕೆ ರೇಗಿದೆ ಎಂದು ಅಕ್ಕತಂಗಿ ದಿನಾ ಕಿತ್ತಾಡಿದರು, ಎದುರುಬದುರು ಕೂತೇ. ಊರಿನಲ್ಲಿ ಗಂಡ ಅಂಗಡಿಯನ್ನು ಹೊತ್ತಿಗೆ ಸರಿಯಾಗಿ ತೆರೆದು ಹೊತ್ತಿಗೆ ಸರಿಯಾಗಿ ಮುಚ್ಚುತ್ತಿದ್ದ. ಮೂರನೇ ವಾರಕ್ಕೆ ಫೋನ್ ಮಾಡಿ, ಯಾವಾಗ ಬರ್ತೀಯ, ಮನೇಲಿ ಯಾರೂ ಏನೂ ಅನ್ನೋರಿಲ್ಲ ಎಂದ.